ಹಳೆಯ 'ಸಬ್-ಮ್ಯಾರಿನರ್' ಕಾಮಿಕ್ಸ್: ನೇಮೋರ್‌ನನ್ನು ನಾಯಕನೆಂದು ಓದುವುದೋ, ಖಳನೆಂದು ಓದುವುದೋ?

ಶರಧಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 2022ರಲ್ಲಿ ಬಂದ ಎರಡನೆಯ ಬ್ಲ್ಯಾಕ್ ಪ್ಯಾಂಥರ್ ಚಲನಚಿತ್ರದಲ್ಲಿ ನೇಮೋರ್‌ನ (ಕಾಮಿಕ್ಸ್‌ನಲ್ಲಿ 'ಸಬ್-ಮ್ಯಾರಿನರ್' ಎಂದೂ ಕರೆಯುವ ನೀರೊಳಗಿನ ರಾಜ್ಯದ ರಾಜಕುಮಾರ) ಪಾತ್ರವನ್ನು ನೋಡಿದಂದಿನಿಂದ ಅವನ ಮೂಲ ಕಾಮಿಕ್ಸ್‌ಗಳನ್ನು ಮೊದಲಿನಿಂದ ಓದಬೇಕೆಂಬ ಆಸೆ ಇತ್ತು. ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ಮತ್ತು ಮ್ಯಾಂಡ್ರೇಕ್ ಕಥೆಗಳನ್ನು ಕನ್ನಡದಲ್ಲೇ ಓದಿ ಬೆಳೆದ ನನಗೆ ಅಮೆರಿಕದ ಹಳೆಯ ಸೂಪರ್‌ಹೀರೋ ಸಂಚಿಕೆಗಳ ಪರಿಚಯ ಅಷ್ಟಾಗಿ ಇರಲಿಲ್ಲ. ಈಗ ಮರುಮುದ್ರಣದ ಸಂಪುಟಗಳು ಕೈಗೆ ಬಂದಿವೆ. ಓದಲು ಆರಂಭಿಸಿಯೂ ಇದ್ದೇನೆ.

ನನ್ನ ಗೊಂದಲ ಇಷ್ಟು. 1939ರ ಮೊದಲ ಕಥೆಯ ಮೊದಲ ಪುಟಗಳಲ್ಲೇ ಈ 'ನಾಯಕ' ಮುಳುಗಿದ ಹಡಗೊಂದನ್ನು ಪರಿಶೀಲಿಸಲು ಬಂದ ಇಬ್ಬರು ಮುಳುಗುಗಾರರನ್ನು ಕೊಲ್ಲುತ್ತಾನೆ. ಮುಂದಿನ ಸಂಚಿಕೆಗಳಲ್ಲಿ ನ್ಯೂಯಾರ್ಕ್ ನಗರದ ಮೇಲೆಯೇ ಏರಿ ಹೋಗುತ್ತಾನೆ. ಆಮೇಲೆ ನಾಜಿಗಳ ವಿರುದ್ಧ ಅಮೆರಿಕದ ಪರವಾಗಿ ಹೋರಾಡುತ್ತಾನೆ. 1962ರಲ್ಲಿ ಮತ್ತೆ ಬಂದಾಗ ಪುನಃ ಮನುಷ್ಯಕುಲದ ಶತ್ರುವಾಗಿದ್ದಾನೆ. ಇದು ಬೇರೆ ಬೇರೆ ಕಾಲದ ಬರಹಗಾರರು ತಮಗೆ ತೋಚಿದಂತೆ ಬರೆದದ್ದರ ಫಲವೋ, ಅಥವಾ ಇದರ ಒಳಗೆ ಒಂದೇ ಎಳೆ ಹರಿದು ಬಂದಿದೆಯೋ? ಇನ್ನೊಂದು ಮಾತು: ಯುದ್ಧಕಾಲದ ಸಂಚಿಕೆಗಳು ಒಂದರಂತೆ ಇನ್ನೊಂದಿವೆ, ಅವುಗಳಲ್ಲಿ ಜಪಾನಿ ಜನರನ್ನು ಚಿತ್ರಿಸಿರುವ ರೀತಿಯಂತೂ ಓದಲು ಬಹಳ ಕಷ್ಟವಾಗುತ್ತದೆ. ಅವನ್ನು ಬಿಟ್ಟು ಮುಂದೆ ಹೋದರೆ ಏನನ್ನಾದರೂ ಕಳೆದುಕೊಳ್ಳುತ್ತೇನೆಯೇ? ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕೆಂದು ಕೋರುತ್ತೇನೆ.

ಹಳೇಸಂಚಿಕೆ

ಶರಧಿ ಅವರೇ, ಒಂದೇ ಎಳೆ ಇದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಅದನ್ನು ಹಿಡಿಯಲು 'ನಾಯಕನೋ ಖಳನೋ' ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಅವನನ್ನು ಒಬ್ಬ ಫಿರ್ಯಾದಿ ಎಂದು ಓದಿ ನೋಡಿ. ಅವನ ಸಿಟ್ಟಿಗೆ ಒಂದು ಕಾರಣವಿದೆ. ಆ ಕಾರಣವನ್ನು ಮೊದಲ ಕಥೆಯಲ್ಲೇ ಅವನ ತಾಯಿ ಸ್ಪಷ್ಟವಾಗಿ ಹೇಳುತ್ತಾಳೆ. ಅಮೆರಿಕದ ಹಡಗೊಂದು ಅಂಟಾರ್ಕ್ಟಿಕದ ಕಡೆಗೆ ಬಂದು ಸಿಡಿಸಿದ ಸ್ಫೋಟಕಗಳಿಂದ ಕೆಳಗೆ ನೀರಿನಲ್ಲಿ ವಾಸವಾಗಿದ್ದ ಜನ ಸತ್ತರು. ಮೇಲಿದ್ದವರಿಗೆ ಕೆಳಗೆ ಯಾರಾದರೂ ಇದ್ದಾರೆ ಎಂಬುದೇ ತಿಳಿದಿರಲಿಲ್ಲ. ವಿಷಯ ತಿಳಿದುಬರಲೆಂದು ಹಡಗಿಗೆ ಹೋದ ರಾಜಕುಮಾರಿ ಫೆನ್ ಅದರ ಕಪ್ತಾನನಾದ ಮೆಕೆಂಜಿಯನ್ನು ಮದುವೆಯಾದಳು. ಅವರ ಮಗನೇ ನೇಮೋರ್. ಎಂದರೆ ತನ್ನ ಜನರನ್ನು ಕೊಂದವರ ರಕ್ತವೂ ಅವನ ಮೈಯಲ್ಲಿದೆ. ಬಿಲ್ ಎವೆರೆಟ್ ಇದನ್ನು ಬರೆದು ಚಿತ್ರಿಸಿದಾಗ ಅವರಿಗೆ ಇಪ್ಪತ್ತೆರಡು ವರ್ಷ. ಅಷ್ಟು ಚಿಕ್ಕ ವಯಸ್ಸಿನಲ್ಲಿ, ಸೂಪರ್‌ಮ್ಯಾನ್ ಬಂದು ಇನ್ನೂ ಒಂದು ವರ್ಷ ಕಳೆದಿದ್ದಾಗ, ನಮ್ಮ ಕಡೆಯವನಲ್ಲದ ನಾಯಕನೊಬ್ಬನನ್ನು ಕಲ್ಪಿಸಿಕೊಂಡದ್ದು ಎಂಥ ದೊಡ್ಡ ಧೈರ್ಯವೆಂದು ನನಗೆ ಇಂದಿಗೂ ಅನ್ನಿಸುತ್ತದೆ.

ನೀವು ಹೇಳಿದ ಮುಳುಗುಗಾರರ ದೃಶ್ಯವನ್ನೇ ಇನ್ನೊಮ್ಮೆ ನೋಡಿ. ನೇಮೋರ್ ಅವರನ್ನು ಮನುಷ್ಯರೆಂದು ಗುರುತಿಸುವುದೇ ಇಲ್ಲ. ದಪ್ಪ ಪೋಷಾಕು, ಲೋಹದ ದುಂಡು ಹೆಲ್ಮೆಟ್, ಅದರಿಂದ ಮೇಲಕ್ಕೆ ಹೋಗುವ ಕೊಳವೆ, ಇವೆಲ್ಲವನ್ನೂ ಕಂಡು ಯಂತ್ರಮಾನವರೆಂದು ಭಾವಿಸುತ್ತಾನೆ. ಮೇಲಿನವರು ಕೆಳಗಿನವರನ್ನು ಕಾಣದೆ ಕೊಂದರು. ಕೆಳಗಿನವನು ಮೇಲಿನವರನ್ನು ಅರಿಯದೆ ಕೊಂದನು. ಕಥೆಯ ತಿರುಳು ಇದರಲ್ಲೇ ಇದೆ.

ಈಗ ಇಪ್ಪತ್ತನಾಲ್ಕು ವರ್ಷ ಮುಂದಕ್ಕೆ ಹೋಗಿ, ನಾಲ್ವರು ಸೂಪರ್‌ಹೀರೋಗಳ ತಂಡವಾದ ಫೆಂಟಾಸ್ಟಿಕ್ ಫೋರ್‌ನ 1963ರ ಮೊದಲ ವಾರ್ಷಿಕ ಸಂಚಿಕೆಯನ್ನು ತೆರೆಯಿರಿ. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಅವರ ಈ ದೀರ್ಘ ಕಥೆಯಲ್ಲಿ ನೇಮೋರ್ ತನ್ನ ಸೈನ್ಯದೊಂದಿಗೆ ನ್ಯೂಯಾರ್ಕ್‌ಗೆ ನುಗ್ಗುತ್ತಾನೆ. ಅವನ ಸೈನಿಕರಿಗೆ ಗಾಳಿಯಲ್ಲಿ ಉಸಿರಾಡಲು ಬರುವುದಿಲ್ಲವಾದ್ದರಿಂದ ಅವರು ನೀರು ತುಂಬಿದ ಹೆಲ್ಮೆಟ್ಟುಗಳನ್ನು ತೊಟ್ಟುಕೊಂಡು ಬೀದಿಯಲ್ಲಿ ನಡೆಯುತ್ತಾರೆ. 1939ರಲ್ಲಿ ಗಾಳಿ ತುಂಬಿಕೊಂಡು ಕೆಳಗಿಳಿದ ಮನುಷ್ಯನ ಚಿತ್ರಕ್ಕೆ ಇದು ಸರಿಯಾದ ಎದುರುಚಿತ್ರ. ಕರ್ಬಿ ಇದನ್ನು ಬೇಕೆಂದೇ ಮಾಡಿದರೋ ಇಲ್ಲವೋ, ಎರಡು ಪುಟಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಆ ಎಳೆ ಕಣ್ಣಿಗೆ ಕಟ್ಟುತ್ತದೆ. ತಂಡದ ನಾಯಕ ರೀಡ್ ರಿಚರ್ಡ್ಸ್ ಆ ಹೆಲ್ಮೆಟ್ಟುಗಳ ನೀರನ್ನು ಆವಿಯಾಗಿಸಿ ಇಡೀ ಸೈನ್ಯವನ್ನು ಹಿಮ್ಮೆಟ್ಟಿಸುತ್ತಾನೆ. ಕೊನೆಗೆ ನೀರಿನಲ್ಲಿ ಉಸಿರುಗಟ್ಟಿದ, ಅದೇ ತಂಡದ ಸೂ ಸ್ಟಾರ್ಮ್‌ಳನ್ನು ನೇಮೋರ್ ತಾನೇ ಎತ್ತಿಕೊಂಡು ಆಸ್ಪತ್ರೆಗೆ ಒಯ್ಯುತ್ತಾನೆ. ಶತ್ರುಗಳ ಹೆಣ್ಣೊಬ್ಬಳ ಪ್ರಾಣ ಉಳಿಸಿದ ರಾಜನನ್ನು ಅವನ ಜನ ತೊರೆದುಬಿಡುತ್ತಾರೆ. ಹಿಂದಿರುಗಿದಾಗ ಅವನ ರಾಜಧಾನಿಯಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಎರಡು ಕುಲಕ್ಕೂ ಸೇರಿದವನು ಎರಡು ಕಡೆಯೂ ಸಲ್ಲದವನಾಗುವುದನ್ನು ಇಷ್ಟು ನೇರವಾಗಿ ಹೇಳಿದ ಸೂಪರ್‌ಹೀರೋ ಕಥೆ ಆ ಕಾಲದಲ್ಲಿ ಇನ್ನೊಂದನ್ನು ನಾನು ಓದಿಲ್ಲ.

ಇವೆರಡರ ನಡುವೆ 1962ರ ಫೆಂಟಾಸ್ಟಿಕ್ ಫೋರ್ 4ನೇ ಸಂಚಿಕೆ ಇದೆ. ನ್ಯೂಯಾರ್ಕ್‌ನ ಬೌರಿ ಎಂಬ ಬಡವರ ಬೀದಿಯ ಅಗ್ಗದ ವಸತಿಗೃಹದಲ್ಲಿ, ತನ್ನ ಹೆಸರೂ ನೆನಪಿಲ್ಲದ ಗಡ್ಡದವನೊಬ್ಬನು ಅದೇ ತಂಡದ, ಮೈಯಿಂದ ಬೆಂಕಿ ಹೊಮ್ಮಿಸಬಲ್ಲ ಜಾನಿ ಸ್ಟಾರ್ಮ್‌ನಿಗೆ ಸಿಗುತ್ತಾನೆ. ಜಾನಿ ಆಗಷ್ಟೇ ಅಲ್ಲಿ ಬಿದ್ದಿದ್ದ ಹಳೆಯ ಸಬ್-ಮ್ಯಾರಿನರ್ ಕಾಮಿಕ್ಸ್ ಒಂದನ್ನು ಓದುತ್ತಿರುತ್ತಾನೆ. ತನ್ನ ಬೆಂಕಿಯಿಂದಲೇ ಅವನ ಗಡ್ಡ ತೆಗೆದು, ಗುರುತು ಹಿಡಿದು, ನೀರಿಗೆ ಹಾಕಿದಾಗ ನೇಮೋರ್‌ಗೆ ನೆನಪು ಮರಳುತ್ತದೆ. ಅವನು ಮನೆಗೆ ಈಜಿಕೊಂಡು ಹೋಗಿ ನೋಡಿದರೆ ಅಣುಬಾಂಬ್ ಪರೀಕ್ಷೆಗಳಿಂದ ಅವನ ರಾಜ್ಯ ಹಾಳಾಗಿದೆ. 1939ರ ಸ್ಫೋಟಕಗಳು 1962ರಲ್ಲಿ ಅಣುಪರೀಕ್ಷೆಗಳಾಗಿವೆ, ಅಷ್ಟೇ ವ್ಯತ್ಯಾಸ, ಫಿರ್ಯಾದು ಅದೇ. ಅಮೆರಿಕವು ಆ ವರ್ಷಗಳಲ್ಲಿ ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ನಿಜವಾಗಿಯೂ ಅಣುಬಾಂಬುಗಳನ್ನು ಸಿಡಿಸುತ್ತಿತ್ತು ಎಂಬುದನ್ನು ನೆನಪಿಟ್ಟುಕೊಂಡು ಓದಿದರೆ, ಮಕ್ಕಳ ಕೈಗೆ ಸಿಗುತ್ತಿದ್ದ ಹತ್ತಾರು ಸೆಂಟಿನ ಪುಸ್ತಕವೊಂದು ಎಂಥ ಮಾತನ್ನು ಆಡುತ್ತಿತ್ತು ಎಂಬುದು ಅರ್ಥವಾಗುತ್ತದೆ.

ಆದ್ದರಿಂದ 1968ರಲ್ಲಿ ನೇಮೋರ್‌ಗೆ ಮತ್ತೆ ತನ್ನದೇ ಪತ್ರಿಕೆ ಸಿಕ್ಕಾಗ ಅದರ ಮೊದಲ ಸಂಚಿಕೆ ಮಾಡಿದ ಬದಲಾವಣೆಯನ್ನು ನಾನು ಒಪ್ಪಲಾರೆ. ರಾಯ್ ಥಾಮಸ್ ಬರೆದ ಆ ಕಥೆಯ ಪ್ರಕಾರ ರಾಜ್ಯ ನಾಶವಾದದ್ದೂ, ನೇಮೋರ್‌ನ ನೆನಪು ಅಳಿದದ್ದೂ ಡೆಸ್ಟಿನಿ ಎಂಬ ಒಬ್ಬ ದುಷ್ಟನ ಕೆಲಸ. ಜಾನ್ ಬ್ಯೂಸೆಮಾ ಅವರ ಚಿತ್ರಗಳು ಭವ್ಯವಾಗಿವೆ, ಕಥೆಯೂ ಅಚ್ಚುಕಟ್ಟಾಗಿದೆ. ಆದರೆ ಇಡೀ ಮನುಷ್ಯಕುಲ ಹೊರಬೇಕಾದ ಹೊಣೆಯನ್ನು ಒಬ್ಬ ಖಳನ ತಲೆಗೆ ಕಟ್ಟಿದ ಮೇಲೆ ನೇಮೋರ್‌ನ ಸಿಟ್ಟಿಗೆ ಮೊದಲಿನ ತೂಕ ಉಳಿಯುವುದಿಲ್ಲ.

ಗೆರೆಬಣ್ಣ

ಹಳೇಸಂಚಿಕೆ ಅವರು ಕಥೆಯ ಬಗ್ಗೆ ಹೇಳಿದ್ದಾರೆ. ಚಿತ್ರಗಳ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಈ ಸರಣಿಯನ್ನು ಕಣ್ಣಿನಿಂದ ಓದದಿದ್ದರೆ ಅರ್ಧ ಓದಿದಂತೆಯೇ.

ನೀರಿನ ಒಳಗಿನ ಕಥೆಯನ್ನು ಬರೆಯುವ ಚಿತ್ರಕಾರನಿಗೆ ಒಂದು ಮೂಲಭೂತ ಕಷ್ಟವಿದೆ. ನೀರಿಗೆ ಆಕಾರವಿಲ್ಲ. ಒಬ್ಬ ಮನುಷ್ಯ ಗಾಳಿಯಲ್ಲಿ ಹಾರುತ್ತಿದ್ದಾನೋ ನೀರಿನಲ್ಲಿ ಈಜುತ್ತಿದ್ದಾನೋ ಎಂಬುದನ್ನು ಅವನ ಮೈಯ ಬಾಗು, ಕೂದಲು ತೇಲುವ ರೀತಿ, ಹಿಂದೆ ಉಳಿಯುವ ಗುಳ್ಳೆಗಳು, ಇವುಗಳಿಂದಲೇ ತಿಳಿಸಬೇಕು. ಎವೆರೆಟ್ ಇದನ್ನು ಮೊದಲ ಕಥೆಯಲ್ಲೇ ಬಲ್ಲವರಾಗಿದ್ದರು. ಅಲ್ಲಿನ ಮಬ್ಬು ಛಾಯೆಯ ಪುಟಗಳಲ್ಲಿ ಹಿನ್ನೆಲೆಯ ವಸ್ತುಗಳೆಲ್ಲ ಅರ್ಧ ಕರಗಿದಂತೆ ಕಾಣುತ್ತವೆ. ಓದುಗನಿಗೂ ಮುಳುಗುಗಾರನಿಗಿರುವಷ್ಟೇ ದೃಷ್ಟಿ ಇರುತ್ತದೆ. ಈ ಕಥೆ ಮೊದಲು ಸಿದ್ಧವಾದದ್ದು ಚಿತ್ರಮಂದಿರಗಳಲ್ಲಿ ಉಚಿತವಾಗಿ ಹಂಚಬೇಕೆಂದು ಯೋಜಿಸಿದ್ದ ಮೋಷನ್ ಪಿಕ್ಚರ್ ಫನ್ನೀಸ್ ವೀಕ್ಲಿ ಎಂಬ ಕಪ್ಪು ಬಿಳುಪು ಪತ್ರಿಕೆಗೆ. ಆ ಯೋಜನೆ ಕೈಗೂಡಲಿಲ್ಲ. ಅದೇ ಎಂಟು ಪುಟಗಳಿಗೆ ಇನ್ನೂ ನಾಲ್ಕು ಪುಟ ಸೇರಿ, ಬಣ್ಣದೊಂದಿಗೆ, 1939ರ ಅಕ್ಟೋಬರ್ ದಿನಾಂಕದ ಮಾರ್ವೆಲ್ ಕಾಮಿಕ್ಸ್ ಮೊದಲ ಸಂಚಿಕೆಯಲ್ಲಿ ಅಚ್ಚಾಯಿತು. ಕಪ್ಪು ಬಿಳುಪಿಗೆಂದು ಹಾಕಿದ ಛಾಯೆಯ ಮೇಲೆ ಬಣ್ಣ ಬಂದು ಕೂತದ್ದರಿಂದಲೇ ಆ ಪುಟಗಳಿಗೆ ವಿಚಿತ್ರವಾದ ಆಳ ಬಂದಿದೆ ಎಂದು ನನ್ನ ಅಭಿಪ್ರಾಯ.

ಆದರೆ ನನ್ನನ್ನು ಕೇಳಿದರೆ ಎವೆರೆಟ್ ಅವರ ಅತ್ಯುತ್ತಮ ಕೆಲಸ ಇರುವುದು 1953ರ ಕೊನೆಯಿಂದ 1955ರವರೆಗಿನ ಸಂಚಿಕೆಗಳಲ್ಲಿ. ಯುದ್ಧ ಮುಗಿದ ಮೇಲೆ ಸೂಪರ್‌ಹೀರೋಗಳ ಮಾರಾಟ ಕುಸಿದು 1949ರಲ್ಲಿ ಸಬ್-ಮ್ಯಾರಿನರ್ ನಿಂತುಹೋಗಿತ್ತು. ಕ್ಯಾಪ್ಟನ್ ಅಮೆರಿಕ, ಹ್ಯೂಮನ್ ಟಾರ್ಚ್ ಮತ್ತು ನೇಮೋರ್ ಮೂವರನ್ನೂ ಪ್ರಕಾಶಕರು ಮತ್ತೆ ತಂದರು. ಉಳಿದಿಬ್ಬರ ಪತ್ರಿಕೆಗಳು ಬೇಗನೆ ಮುಚ್ಚಿದವು, ನೇಮೋರ್‌ನದು ಮಾತ್ರ 33ರಿಂದ 42ನೇ ಸಂಚಿಕೆಯವರೆಗೆ ನಡೆಯಿತು. ಕಥೆಗಳಲ್ಲಿ ಆ ಕಾಲದ ಕಮ್ಯುನಿಸ್ಟ್ ವಿರೋಧಿ ಪ್ರಚಾರ ಸಾಕಷ್ಟಿದೆ, ಅದನ್ನು ಸಹಿಸಿಕೊಳ್ಳಬೇಕು. ಆದರೆ ಗೆರೆಗಳನ್ನು ನೋಡಿ: ತ್ರಿಕೋನಾಕಾರದ ಮುಖ, ಮೇಲಕ್ಕೆ ಓರೆಯಾದ ಹುಬ್ಬು, ಚೂಪು ಕಿವಿ. ಹದಿನಾಲ್ಕು ವರ್ಷಗಳ ಅಭ್ಯಾಸದ ಕೈ ಒಂದೇ ಬಾಗಿನಲ್ಲಿ ಈಜುವ ಮೈಯನ್ನು ಮುಗಿಸಿಬಿಡುತ್ತದೆ. ಹಡಗಿನ ಹಗ್ಗ, ತುಕ್ಕು ಹಿಡಿದ ಲೋಹ, ಪಾಚಿ, ಇವೆಲ್ಲ ಮಸಿಯ ದಪ್ಪ ತೆಳುವಿನಿಂದಲೇ ಬೇರೆ ಬೇರೆಯಾಗಿ ತೋರುತ್ತವೆ.

ಇನ್ನು 1965ರ ಡೇರ್‌ಡೆವಿಲ್ 7ನೇ ಸಂಚಿಕೆ. ಶರಧಿ ಅವರೇ, ಬೇರೇನೂ ಓದದಿದ್ದರೂ ಚಿಂತೆಯಿಲ್ಲ, ಇದನ್ನು ದಯವಿಟ್ಟು ಓದಿ. ವಾಲಿ ವುಡ್ ಚಿತ್ರಿಸಿದ್ದು. ಡೇರ್‌ಡೆವಿಲ್ ತನ್ನ ಕೆಂಪು ಪೋಷಾಕು ತೊಟ್ಟ ಮೊದಲ ಸಂಚಿಕೆಯೂ ಹೌದು. ಇಲ್ಲಿ ನೇಮೋರ್ ಮಾಡುವ ಕೆಲಸವೇನೆಂದರೆ ಡೇರ್‌ಡೆವಿಲ್ ಎಂಬ ಸೂಪರ್‌ಹೀರೋ ವೇಷವಿಲ್ಲದಾಗ ಕೆಲಸ ಮಾಡುವ ವಕೀಲರ ಕಚೇರಿಗೆ ನೇರವಾಗಿ ಹೋಗಿ ಇಡೀ ಮನುಷ್ಯಕುಲದ ಮೇಲೆ ದಾವೆ ಹೂಡಬೇಕೆಂದು ಕೇಳುವುದು. ಹಳೇಸಂಚಿಕೆ ಅವರು 'ಫಿರ್ಯಾದಿ' ಎಂದರಲ್ಲ, ಇಲ್ಲಿ ಅವನು ಅಕ್ಷರಶಃ ಫಿರ್ಯಾದಿಯೇ. ಅದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ ಎಂದಾಗ, ಬೀದಿಯಲ್ಲಿ ಹಾನಿ ಮಾಡಿ ತನ್ನನ್ನು ಬಂಧಿಸುವಂತೆ ಮಾಡಿಕೊಳ್ಳುತ್ತಾನೆ, ಏಕೆಂದರೆ ಆರೋಪಿಯಾಗಿಯಾದರೂ ನ್ಯಾಯಾಲಯದಲ್ಲಿ ಮಾತನಾಡಬಹುದು. 1940ರ ಆರಂಭದ ಸಂಚಿಕೆಗಳಲ್ಲಿ ಇದೇ ನಗರದ ನ್ಯಾಯಾಲಯ ಅವನಿಗೆ ವಿದ್ಯುತ್ ಕುರ್ಚಿಯ ಶಿಕ್ಷೆ ವಿಧಿಸಿತ್ತು ಎಂಬುದನ್ನು ನೆನೆದರೆ ಈ ಹೆಜ್ಜೆ ಇನ್ನಷ್ಟು ತಟ್ಟುತ್ತದೆ. ಆಮೇಲಿನ ಕಾಳಗದಲ್ಲಿ ಡೇರ್‌ಡೆವಿಲ್‌ಗೆ ಗೆಲ್ಲುವ ಯಾವ ಅವಕಾಶವೂ ಇಲ್ಲ. ಬಿದ್ದು ಎದ್ದು, ಮತ್ತೆ ಬಿದ್ದು, ಕೊನೆಗೆ ಪ್ರಜ್ಞೆ ತಪ್ಪುವವರೆಗೂ ಅವನು ನೇಮೋರ್‌ನ ಕಾಲನ್ನು ಹಿಡಿದುಕೊಂಡಿರುತ್ತಾನೆ. ನೇಮೋರ್ ಅವನನ್ನು ಗೌರವದಿಂದ ಬಿಟ್ಟು ಹೋಗುತ್ತಾನೆ. ವುಡ್ ಅವರ ಭಾರವಾದ ನೆರಳುಗಳು, ನೀರಿನಿಂದ ಈಗಷ್ಟೇ ಎದ್ದು ಬಂದಂತೆ ಹೊಳೆಯುವ ನೇಮೋರ್‌ನ ಮೈ, ಇವನ್ನು ನೋಡಿದವರು ಮರೆಯಲಾರರು.

ಇದರ ನಂತರ ಅದೇ ವರ್ಷ ಟೇಲ್ಸ್ ಟು ಅಸ್ಟಾನಿಷ್ 70ನೇ ಸಂಚಿಕೆಯಿಂದ ಜೀನ್ ಕೋಲನ್ ಅವರ ಚಿತ್ರಗಳು ಆರಂಭವಾಗುತ್ತವೆ. ಕಥೆ ಅಲ್ಲಲ್ಲಿ ಎಳೆದಂತಿದೆ, ಚಿತ್ರಗಳಿಗಾಗಿಯೇ ಓದಬಹುದು.

ತೀರದಾಚೆ

ಹಿಂದಿನ ಇಬ್ಬರ ಮಾತನ್ನೂ ಗೌರವದಿಂದ ಓದಿದೆ. ಒಂದು ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಯುದ್ಧಕಾಲದ ಸಂಚಿಕೆಗಳ ಕುರಿತ ಪ್ರಶ್ನೆಗೆ ಇಬ್ಬರೂ ಉತ್ತರಿಸಿಲ್ಲ, ಅವು ಅವರ 'ಎಳೆ'ಗೆ ಸುಲಭವಾಗಿ ಹೊಂದುವುದಿಲ್ಲ ಎಂಬುದೂ ಅದಕ್ಕೆ ಒಂದು ಕಾರಣವಿರಬಹುದು.

ಅಮೆರಿಕ ಯುದ್ಧಕ್ಕಿಳಿಯುವ ಮೊದಲೇ, 1940ರಲ್ಲೇ, ನೇಮೋರ್ ನಾಜಿ ಜಲಾಂತರ್ಗಾಮಿಗಳ ವಿರುದ್ಧ ಹೋರಾಡುತ್ತಿರುವುದನ್ನು ಮುಖಪುಟಗಳಲ್ಲಿ ಕಾಣಬಹುದು. ಅದೇ ವರ್ಷ ಮಾರ್ವೆಲ್ ಮಿಸ್ಟರಿ ಕಾಮಿಕ್ಸ್‌ನ 8 ಮತ್ತು 9ನೇ ಸಂಚಿಕೆಗಳಲ್ಲಿ ಅವನು ಹ್ಯೂಮನ್ ಟಾರ್ಚ್‌ನೊಡನೆ ಸೆಣಸುತ್ತಾನೆ. ಒಬ್ಬನ ಕಥೆಯ ನಾಯಕ ಇನ್ನೊಬ್ಬನ ಕಥೆಯೊಳಕ್ಕೆ ಬಂದು ಹೊಡೆದಾಡುವುದು ಆಗ ತೀರಾ ಹೊಸದು. ಟಾರ್ಚ್‌ನ ಸೃಷ್ಟಿಕರ್ತ ಕಾರ್ಲ್ ಬರ್ಗೋಸ್ ಮತ್ತು ಎವೆರೆಟ್ ಸೇರಿ ಒಂದೇ ಘಟನೆಯನ್ನು ಇಬ್ಬರ ಕಡೆಯಿಂದಲೂ ಹೇಳಿದರು. 10ನೇ ಸಂಚಿಕೆಯಲ್ಲಿ ಬೆಟಿ ಡೀನ್ ಎಂಬ ಮಹಿಳಾ ಪೊಲೀಸ್ ಮಧ್ಯೆ ಬಂದು ಇಬ್ಬರನ್ನೂ ಸಮಾಧಾನಪಡಿಸುವುದರೊಂದಿಗೆ ಅದು ಮುಗಿಯುತ್ತದೆ. 1941ರ ಶರತ್ಕಾಲದ ಹ್ಯೂಮನ್ ಟಾರ್ಚ್ ಸಂಚಿಕೆಯಲ್ಲಿ ನೇಮೋರ್ ಇಡೀ ಜಗತ್ತಿನ ಮೇಲೆಯೇ ಯುದ್ಧ ಸಾರಿ ನ್ಯೂಯಾರ್ಕ್ ಅನ್ನು ನೀರಿನಲ್ಲಿ ಮುಳುಗಿಸುತ್ತಾನೆ. ನಿಜವಾದ ಯುದ್ಧ ಬಂದ ಮೇಲೆ ಇದೆಲ್ಲ ಒಮ್ಮೆಗೇ ಮರೆಯಾಗುತ್ತದೆ. ಎವೆರೆಟ್ ಸ್ವತಃ 1942ರಲ್ಲಿ ಸೈನ್ಯಕ್ಕೆ ಹೋದರು. ಬೇರೆ ಕೈಗಳು ಪತ್ರಿಕೆಯನ್ನು ನಡೆಸಿದವು. ಅಲ್ಲಿನ ನೇಮೋರ್‌ಗೆ ಯಾವ ಫಿರ್ಯಾದೂ ಇಲ್ಲ, ಇರುವುದು ಶತ್ರುಗಳ ಪಟ್ಟಿ ಮಾತ್ರ. ಜಪಾನಿಯರನ್ನು ಹಲ್ಲು ಚಾಚಿದ ಮೃಗಗಳಂತೆ ಬರೆದದ್ದು ಆ ಕಾಲದ ಸಮರ್ಥನೆಯಿಂದಲೂ ಒಪ್ಪತಕ್ಕದ್ದಲ್ಲ.

ಹಾಗಿದ್ದೂ ಕೆಲವನ್ನಾದರೂ ಓದಿ ಎಂದೇ ನಾನು ಹೇಳುತ್ತೇನೆ. ತನ್ನ ಜನರ ನೋವನ್ನು ಎತ್ತಿ ಹೇಳಲೆಂದು ಹುಟ್ಟಿದ ಪಾತ್ರವೊಂದನ್ನು ಯುದ್ಧ ಎಷ್ಟು ಬೇಗ ಪ್ರಚಾರದ ಗೊಂಬೆಯಾಗಿಸಿತು ಎಂಬುದು ಗೊತ್ತಿದ್ದರೆ, 1962ರಲ್ಲಿ ಲೀ ಮತ್ತು ಕರ್ಬಿ ಅವನಿಗೆ ಹಳೆಯ ಸಿಟ್ಟನ್ನು ಹಿಂದಿರುಗಿಸಿದ್ದರ ಮಹತ್ವ ತಿಳಿಯುತ್ತದೆ. ಬಿಟ್ಟು ಹೋದರೆ ಆ ಮಹತ್ವ ಅರ್ಧ ಮಾತ್ರ ಕಾಣುತ್ತದೆ.

ಹೋಲಿಕೆಗೆಂದು ಡಿಸಿ ಎಂಬ ಇನ್ನೊಂದು ಪ್ರಕಾಶನದ ಅಕ್ವಾಮ್ಯಾನ್‌ನನ್ನೂ ಸ್ವಲ್ಪ ನೋಡಬಹುದು. 1941ರ ನವೆಂಬರ್ ದಿನಾಂಕದ ಮೋರ್ ಫನ್ ಕಾಮಿಕ್ಸ್ 73ನೇ ಸಂಚಿಕೆಯಲ್ಲಿ ಮಾರ್ಟ್ ವೈಸಿಂಗರ್ ಮತ್ತು ಪಾಲ್ ನಾರಿಸ್ ಅವನನ್ನು ತಂದಾಗ ಅವನಿಗೆ ಯಾವ ರಾಜ್ಯವೂ ಇರಲಿಲ್ಲ; ಸಮುದ್ರಶೋಧಕನಾದ ತಂದೆಯಿಂದ ನೀರಿನಲ್ಲಿ ಬದುಕಲು ಕಲಿತ ಮನುಷ್ಯ ಅವನು. ದೀಪಸ್ತಂಭದ ಕಾವಲುಗಾರ ತಂದೆ ಮತ್ತು ಅಟ್ಲಾಂಟಿಸ್‌ನ ತಾಯಿ ಎಂಬ ಈಗ ಎಲ್ಲರಿಗೂ ತಿಳಿದ ಹುಟ್ಟಿನ ಕಥೆ ಬಂದದ್ದು 1959ರಲ್ಲಿ, ಅಡ್ವೆಂಚರ್ ಕಾಮಿಕ್ಸ್ 260ನೇ ಸಂಚಿಕೆಯಲ್ಲಿ. ಅದನ್ನು ಚಿತ್ರಿಸಿದವರು ರಮೋನಾ ಫ್ರೇಡನ್. ಸೂಪರ್‌ಹೀರೋ ಕಾಮಿಕ್ಸ್ ಚಿತ್ರಿಸುವ ಹೆಂಗಸರು ಬೆರಳೆಣಿಕೆಯಷ್ಟಿದ್ದ ಆ ಕಾಲದಲ್ಲಿ ಅವರ ತಿಳಿಯಾದ, ಲವಲವಿಕೆಯ ಗೆರೆಗಳು ಅಕ್ವಾಮ್ಯಾನ್‌ಗೆ ಒಂದು ಸ್ನೇಹದ ಮುಖವನ್ನು ಕೊಟ್ಟವು. ಅಕ್ವಾಮ್ಯಾನ್ ಸಮುದ್ರದ ಕಾವಲುಗಾರ; ಹಡಗು ಮುಳುಗಿದರೆ ಜನರನ್ನು ಉಳಿಸುವವನು. ಹಡಗು ಅಲ್ಲಿಗೆ ಏಕೆ ಬಂತು ಎಂದು ಕೇಳುವವನು ನೇಮೋರ್. ಇಬ್ಬರನ್ನೂ ಬೆರೆಸಿ ಓದಿದರೆ ಎರಡೂ ರುಚಿಸುತ್ತವೆ.

ಶರಧಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೆಲ್ಮೆಟ್ಟುಗಳ ಎರಡು ಪುಟಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಹಳೇಸಂಚಿಕೆ ಅವರು ಹೇಳಿದ್ದು ಸಂಪೂರ್ಣ ನಿಜ. ಡೇರ್‌ಡೆವಿಲ್ ಸಂಚಿಕೆಯನ್ನೂ ಓದಿ ಮುಗಿಸಿದೆ. ಯುದ್ಧಕಾಲದ ಕೆಲವನ್ನು ಆಯ್ದು ಓದುತ್ತೇನೆ. ಇನ್ನೊಂದು ಪ್ರಶ್ನೆ ಉಳಿದಿದೆ: 1968ರ ಸರಣಿಯ ಆರಂಭವೇ ಸರಿಯಿಲ್ಲ ಎಂದಾದರೆ ಅದರಲ್ಲಿ ಓದಲೇಬೇಕಾದದ್ದು ಯಾವುದು? ಒಟ್ಟು 72 ಸಂಚಿಕೆಗಳಿವೆ ಎಂದು ನೋಡಿ ಸ್ವಲ್ಪ ಹಿಂಜರಿಕೆಯಾಯಿತು.

ಹಳೇಸಂಚಿಕೆ

ಆರಂಭದ ಆ ಒಂದು ತಿರುವು ನನಗೆ ಒಪ್ಪಿಗೆಯಾಗಲಿಲ್ಲವೆಂದೆನೇ ಹೊರತು ಸರಣಿಯನ್ನು ಬಿಡಿ ಎನ್ನಲಿಲ್ಲ. ತೀರದಾಚೆ ಅವರು ಬೆಟಿ ಡೀನ್‌ಳ ಹೆಸರೆತ್ತಿದ್ದು ಒಳ್ಳೆಯದಾಯಿತು. ನೀವು ಮೊದಲು 8ನೇ ಸಂಚಿಕೆಯನ್ನು ತೆಗೆದುಕೊಳ್ಳಿ. ನೇಮೋರ್ ಮತ್ತು ಫೆಂಟಾಸ್ಟಿಕ್ ಫೋರ್ ತಂಡದ ಥಿಂಗ್ ಇಬ್ಬರೂ ನಗರದ ನಡುವೆ ಭಯಂಕರವಾಗಿ ಹೊಡೆದಾಡುತ್ತಿರುವಾಗ ವಯಸ್ಸಾದ ಮಹಿಳೆಯೊಬ್ಬರು ಬಂದು ನೇಮೋರ್‌ನನ್ನು ತಡೆಯುತ್ತಾರೆ. 1940ರಲ್ಲಿ ಅವನನ್ನು ಸಮಾಧಾನಪಡಿಸಿದ್ದ ಅದೇ ಬೆಟಿ ಅವರು. ಅವನು ಹಾಗೆಯೇ ಯುವಕನಾಗಿ ಉಳಿದಿದ್ದಾನೆ, ಆಕೆಗೆ ಮುಪ್ಪು ಬಂದಿದೆ. ಕಾಮಿಕ್ಸ್ ನಾಯಕರಿಗೆ ವಯಸ್ಸಾಗುವುದಿಲ್ಲ ಎಂಬುದನ್ನು ನಾವು ಓದುಗರು ಸುಮ್ಮನೆ ಒಪ್ಪಿಕೊಂಡಿರುತ್ತೇವೆ. ರಾಯ್ ಥಾಮಸ್ ಮತ್ತು ಬ್ಯೂಸೆಮಾ ಅದನ್ನೇ ಕಥೆಯ ನೋವಾಗಿ ಮಾಡಿದ್ದಾರೆ. ಹಳೆಯ ಸಂಚಿಕೆಗಳನ್ನು ಓದಿ ಬಂದ ನಿಮಗೆ ಅದು ಇನ್ನೂ ಹೆಚ್ಚಾಗಿ ತಾಗುತ್ತದೆ.

ಆಮೇಲೆ ನಡುವಿನದನ್ನು ಬೇಕಾದಷ್ಟೇ ಓದಿ, 37ನೆಯದನ್ನು ಮಾತ್ರ ಬಿಡಬೇಡಿ. ನೇಮೋರ್‌ನ ಪ್ರೇಯಸಿ ಡೋರ್ಮಾಳ ಸಾವು ಬರುವುದು ಅದರಲ್ಲಿ. ಅಲ್ಲಿಂದ ನೇರವಾಗಿ 50ನೇ ಸಂಚಿಕೆಗೆ ಬನ್ನಿ. 1972ರಲ್ಲಿ ಬಿಲ್ ಎವೆರೆಟ್ ತಾವು ಸೃಷ್ಟಿಸಿದ ಪಾತ್ರಕ್ಕೆ ಮರಳಿ ಬಂದು, ನೇಮೋರಿಟಾ ಎಂಬ ಹುಡುಗಿಯನ್ನು ಪರಿಚಯಿಸಿದ್ದು ಅಲ್ಲಿಯೇ. ಕಥೆ ಹಗುರವಾಗಿದೆ, ಗೆರೆಗಳಲ್ಲಿ ಹಳೆಯ ಲವಲವಿಕೆ ಇದೆ, ಸಮುದ್ರದ ಪ್ರಾಣಿಗಳನ್ನು ಅವರು ಸಂತೋಷದಿಂದ ಬರೆದಿದ್ದಾರೆ ಎಂಬುದು ಪ್ರತಿ ಪುಟದಲ್ಲೂ ತಿಳಿಯುತ್ತದೆ. ಅನಾರೋಗ್ಯದಿಂದ ಮುಂದೆ ಅವರ ಕೆಲಸ ಕಡಿಮೆಯಾಗುತ್ತ ಹೋಯಿತು. 1973ರ ಫೆಬ್ರವರಿಯಲ್ಲಿ ತಮ್ಮ ಐವತ್ತೈದನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಪತ್ರಿಕೆ 1974ರವರೆಗೆ ನಡೆಯಿತಾದರೂ, 60ರ ಆಸುಪಾಸಿನ ಸಂಚಿಕೆಗಳವರೆಗೆ ಓದಿದರೆ ನಿಮಗೆ ಬೇಕಾದದ್ದೆಲ್ಲ ಸಿಕ್ಕಂತೆಯೇ.